ಹಂಸಗಳ ಹೊಟ್ಟೆಯಲ್ಲಿ ಸಿಕ್ಕ ಸೀಸ

1995ರ ಜನವರಿಯಲ್ಲಿ ನಾನು ಅಮೆರಿಕದ ನಾರ್ತ್ ಕ್ಯಾರೊಲಿನಾದಲ್ಲಿ, ಡರ್ಹಮ್‌ನಿಂದ ಅರ್ಧ ಗಂಟೆ ದೂರದ ಒಂದು ಪ್ರಾಣಿರೋಗ ಪತ್ತೆ ಪ್ರಯೋಗಾಲಯದಲ್ಲಿ ಪೆಥಾಲಜಿಸ್ಟ್ ಆಗಿದ್ದೆ. ಕೆಲಸಕ್ಕೆ ಸೇರಿ ಅದು ಮೂರನೆಯ ಚಳಿಗಾಲ. ಸತ್ತ ಪ್ರಾಣಿಗಳನ್ನು ಕೊಯ್ದು ನೋಡಿ, ಅವು ಏಕೆ ಸತ್ತವು ಎಂದು ಬರೆದು ಸಹಿ ಹಾಕುವುದು ನನ್ನ ಕೆಲಸ. ಮನುಷ್ಯರಿಗೆ ಮಾಡಿದರೆ ಪೋಸ್ಟ್‌ಮಾರ್ಟಮ್ ಅನ್ನುತ್ತಾರೆ, ಪ್ರಾಣಿಗಳಿಗೆ ಮಾಡಿದರೆ ನೆಕ್ರಾಪ್ಸಿ. ಹೆಬ್ಬಾಳದಲ್ಲಿ ಪಶುವೈದ್ಯಕೀಯ ಓದುವಾಗ ಎತ್ತು ಎಮ್ಮೆಗಳ ಮೈ ತಡವಿ ಕಲಿತವಳು ನಾನು. ಇಲ್ಲಿ ವರ್ಷದ ಹೆಚ್ಚಿನ ದಿನ ನನ್ನ ಮೇಜಿನ ಮೇಲೆ ಬರುತ್ತಿದ್ದದ್ದು ಫಾರಂ ಕೋಳಿ, ಟರ್ಕಿ, ಹಂದಿಮರಿ.

ಇಷ್ಟು ವರ್ಷದ ವೃತ್ತಿಯಲ್ಲಿ ಎಷ್ಟೋ ಕೇಸುಗಳನ್ನು ಮರೆತಿದ್ದೇನೆ. ಇದೊಂದನ್ನು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ. ಪ್ರಯೋಗಾಲಯದ ಹೆಸರು, ಕೆರೆಯ ಹೆಸರು, ಕೌಂಟಿಯ (ನಮ್ಮ ಜಿಲ್ಲೆಯಂಥದ್ದು) ಹೆಸರು ಯಾವುದನ್ನೂ ಬರೆಯುವುದಿಲ್ಲ. ಮನುಷ್ಯರ ಹೆಸರುಗಳನ್ನು ಬದಲಿಸಿದ್ದೇನೆ. ನಡೆದದ್ದನ್ನು ಮಾತ್ರ ಬದಲಿಸಿಲ್ಲ.

ಮೊದಲು ನನ್ನ ಅಂದಿನ ಸ್ಥಿತಿಯನ್ನು ಎರಡು ಮಾತಿನಲ್ಲಿ ಹೇಳಬೇಕು. ನಾನಿದ್ದದ್ದು ವರ್ಕ್ ವೀಸಾದ ಮೇಲೆ. ಗಂಡ ಇಮ್ತಿಯಾಜ್ ಮೈಸೂರಿನಲ್ಲಿ ಎಂಟು ವರ್ಷ ಸಿವಿಲ್ ಎಂಜಿನಿಯರ್ ಆಗಿದ್ದವರು, ನನ್ನ ವೀಸಾಕ್ಕೆ ಅಂಟಿಕೊಂಡು ಬಂದಿದ್ದರು. ಆ ವೀಸಾದಲ್ಲಿ ಅವರು ಕೆಲಸ ಮಾಡುವಂತಿಲ್ಲ. ಐದು ವರ್ಷದ ಮಗಳು ಜೋಯಾಳನ್ನು ಸ್ಕೂಲಿಗೆ ಬಿಡುವುದು, ಕರೆತರುವುದು, ಅಡುಗೆ ಎಲ್ಲವೂ ಅವರದ್ದೇ. ಗ್ರೀನ್ ಕಾರ್ಡ್ ಬಂದರೆ ಮಾತ್ರ ಅವರು ಮತ್ತೆ ಎಂಜಿನಿಯರ್. ಅದರ ಅರ್ಜಿಗೆ ಉದ್ಯೋಗದಾತರ ಸಹಿ ಬೇಕು. ನನ್ನ ಅರ್ಜಿ ಹಿಂದಿನ ಡಿಸೆಂಬರ್‌ನಿಂದ ನಮ್ಮ ಡೈರೆಕ್ಟರ್ ಡಾ. ಕೆಂಡ್ರಿಕ್ ಅವರ ಮೇಜಿನ ಮೇಲಿತ್ತು.

ಜನವರಿಯ ಎರಡನೆಯ ಸೋಮವಾರ ಒಂದು ಪಿಕಪ್ ಟ್ರಕ್ ಹಿಂಬಾಗಿಲಿಗೆ ಬಂದು ನಿಂತಿತು. ಕ್ಯಾಲ್ವಿನ್ ಎಂಬ ವನ್ಯಜೀವಿ ಅಧಿಕಾರಿ ಇಳಿದರು. ನಾಲ್ಕು ಗಂಟೆ ದೂರದ ಕರಾವಳಿಯಿಂದ ಬಂದಿದ್ದರು. ಟ್ರಕ್ಕಿನ ಹಿಂದೆ ಗೋಣಿಚೀಲಗಳಲ್ಲಿ ಏಳು ಹಂಸಗಳ ಹೆಣ.

ಹಂಸ ಎಂದರೆ ನಮ್ಮ ಮನಸ್ಸಿಗೆ ಬರುವುದು ಕ್ಯಾಲೆಂಡರಿನ ಚಿತ್ರ. ಇವು ಟಂಡ್ರಾ ಹಂಸಗಳು. ಅಲಾಸ್ಕಾ, ಉತ್ತರ ಕೆನಡಾದ ಹಿಮದ ಬಯಲಲ್ಲಿ ಮರಿ ಮಾಡಿ, ಚಳಿಗಾಲ ಕಳೆಯಲು ಇಡೀ ಖಂಡ ದಾಟಿ ಕ್ಯಾರೊಲಿನಾದ ಕರಾವಳಿಯ ಕೆರೆಗಳಿಗೆ ಬರುತ್ತವೆ. ಒಂದೊಂದು ಹಕ್ಕಿ ಆರೇಳು ಕಿಲೋ ತೂಗುತ್ತದೆ. ನಾನು ಚೀಲದಿಂದ ಎತ್ತಿದ ಮೊದಲನೆಯದು ನಾಲ್ಕು ಕಿಲೋ ಕೂಡ ಇರಲಿಲ್ಲ. ಎದೆಯ ಮೂಳೆ ಚಾಕುವಿನ ಅಲಗಿನಂತೆ ಕೈಗೆ ತಾಗಿತು. ಬಾಲದ ಕೆಳಗಿನ ಬಿಳಿ ಗರಿಗಳಿಗೆ ಕಡು ಹಸಿರು ಮಲ ಮೆತ್ತಿತ್ತು.

ಕ್ಯಾಲ್ವಿನ್ ನನಗೊಂದು ಫಾರಂ ಕೊಟ್ಟರು. 'ಸಂಶಯ' ಎಂಬ ಕಾಲಂನಲ್ಲಿ ಕೌಂಟಿಯವರು ಮೊದಲೇ ಟೈಪ್ ಮಾಡಿದ್ದರು: ಕೀಟನಾಶಕ ಬೆರೆಸಿದ ಕಾಳು. ಕೆಳಗೆ ಒಬ್ಬ ರೈತ ಮಹಿಳೆಯ ಹೆಸರು ಕೂಡ.

"ಹಕ್ಕಿ ಕೊಯ್ಯುವ ಮೊದಲೇ ಹೆಸರು ಬರೆದುಬಿಟ್ಟಿದ್ದಾರಲ್ಲ?" ಎಂದೆ.

ಕ್ಯಾಲ್ವಿನ್ ಟೋಪಿ ತೆಗೆದು ತಲೆ ಕೆರೆದುಕೊಂಡರು. "ಅದು ನಾನು ಬರೆದದ್ದಲ್ಲ ಡಾಕ್ಟರ್. ನೀವು ನೋಡಿದ್ದನ್ನು ನೀವು ಬರೆಯಿರಿ."

ಕೊಯ್ಯುವ ಮೊದಲು ಎಕ್ಸ್‌ರೇ ತೆಗೆಯುವುದು ನನ್ನ ಅಭ್ಯಾಸ. ಫಿಲ್ಮನ್ನು ಬೆಳಕಿಗೆ ಹಿಡಿದಾಗ ಹೊಟ್ಟೆಯ ಜಾಗದಲ್ಲಿ ಬಿಳಿ ಚುಕ್ಕಿಗಳು, ಯಾರೋ ಸಾಸಿವೆ ಚೆಲ್ಲಿದ ಹಾಗೆ. ಹಕ್ಕಿಗಳಿಗೆ ಹಲ್ಲಿಲ್ಲ. ಅವು ಸಣ್ಣ ಕಲ್ಲುಗಳನ್ನು ನುಂಗಿ, ಗಿಝರ್ಡ್ ಎಂಬ ಗಟ್ಟಿ ಸ್ನಾಯುಚೀಲದಲ್ಲಿ ಇಟ್ಟುಕೊಂಡು ಆಹಾರ ಅರೆಯುತ್ತವೆ. ಆ ಚೀಲವನ್ನು ಸೀಳಿದೆ. ಒಳಪದರ ಹಸಿರುಗಪ್ಪಾಗಿ ಬಿರುಕು ಬಿಟ್ಟಿತ್ತು. ಮರಳು, ನೀರುಗಿಡದ ಗಡ್ಡೆ, ಗೋಧಿ ಪೈರಿನ ಎಲೆ. ಅವುಗಳ ನಡುವೆ ಸವೆದು ಚಪ್ಪಟೆಯಾದ ಬೂದು ಬಣ್ಣದ ಗುಂಡುಗಳು. ಬಂದೂಕಿನ ತೋಟಾ ಒಡೆದಾಗ ಚದುರುವ ಚಿಕ್ಕ ಚಿಕ್ಕ ಸೀಸದ ಗುಂಡುಗಳು. ಆ ಒಂದು ಹಕ್ಕಿಯಲ್ಲಿ ಇಪ್ಪತ್ತಮೂರು ಎಣಿಸಿದೆ. ಸೀಸ ಕರಗಿ ರಕ್ತಕ್ಕೆ ಸೇರಿದರೆ ಹೊಟ್ಟೆಯ ಸ್ನಾಯು ನಿಂತುಹೋಗುತ್ತದೆ. ತಿಂದದ್ದು ಮುಂದೆ ಸಾಗುವುದಿಲ್ಲ. ಗಂಟಲವರೆಗೆ ಆಹಾರ ತುಂಬಿಕೊಂಡೇ ಹಕ್ಕಿ ಹಸಿದು ಸಾಯುತ್ತದೆ. ಏಳರಲ್ಲಿ ಆರು ಹಕ್ಕಿಗಳ ಕಥೆ ಅದೇ ಆಗಿತ್ತು. ಏಳನೆಯದರಲ್ಲಿ ಗುಂಡು ಸಿಗಲಿಲ್ಲ, ಒಳಪದರ ಮಾತ್ರ ಅಷ್ಟೇ ಹಸಿರಾಗಿತ್ತು.

ಯಕೃತ್ತಿನ ತುಂಡುಗಳನ್ನು ಮಹಡಿಯ ಕೆಮಿಸ್ಟ್ರಿ ಲ್ಯಾಬಿಗೆ ಕಳಿಸಿದೆ. ಅಲ್ಲಿದ್ದವಳು ವಸುಧಾ, ಬೆಂಗಳೂರಿನ ಮಲ್ಲೇಶ್ವರದವಳು, ಆ ಕಟ್ಟಡದಲ್ಲಿ ನನ್ನ ಜೊತೆ ಕನ್ನಡ ಆಡುವ ಏಕೈಕ ಜೀವ. ಮೂರು ದಿನಕ್ಕೆ ಅವಳೇ ಕಾಗದ ಹಿಡಿದುಕೊಂಡು ಕೆಳಗೆ ಬಂದಳು.

"ಸಬೀಹಾ, ನಾನು ಎರಡು ಸಲ ರನ್ ಮಾಡಿದೆ ಕಣೇ, ಮೆಷೀನೇ ಕೆಟ್ಟಿದೆಯೇನೋ ಅಂತ. ಏಳೂ ಹಕ್ಕೀಲಿ ಲೆಡ್ಡು. ಇಷ್ಟೊಂದು ಲೆಡ್ಡು ನಾನು ಯಾವ ಹಕ್ಕೀಲೂ ನೋಡಿಲ್ಲ."

"ಕೀಟನಾಶಕ?"

"ಚೆಕ್ ಮಾಡಿದೆ. ಏನೂ ಇಲ್ಲ."

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಹೊಲಕ್ಕೆ ಹಾಕುವ ಸಾಮಾನ್ಯ ಕೀಟನಾಶಕಗಳು ಹಕ್ಕಿಯ ಮಿದುಳಿನ ಒಂದು ಎನ್‌ಜೈಮನ್ನು ಕುಗ್ಗಿಸುತ್ತವೆ. ಏಳೂ ಹಕ್ಕಿಗಳ ಮಿದುಳಿನಲ್ಲಿ ಅದು ಸರಿಯಾಗಿಯೇ ಇತ್ತು. ಅದಲ್ಲದೆ ಆ ವಿಷದಿಂದ ಸತ್ತ ಹಕ್ಕಿ ಮೈತುಂಬಿಕೊಂಡಿರುವಾಗಲೇ ಗಂಟೆಗಳಲ್ಲಿ ಸಾಯುತ್ತದೆ, ಹೀಗೆ ವಾರಗಟ್ಟಲೆ ಸೊರಗುವುದಿಲ್ಲ. ಕೇಸು ಇಷ್ಟು ಸ್ಪಷ್ಟವಾಗಿತ್ತು. ಎರಡನೆಯ ವರ್ಷದ ವಿದ್ಯಾರ್ಥಿ ಕೂಡ ಬರೆಯಬಹುದಾದ ವರದಿ.

ನಾನು ಕರಡನ್ನು ಡಾ. ಕೆಂಡ್ರಿಕ್ ಅವರಿಗೆ ಒಯ್ದುಕೊಟ್ಟೆ. ಅವರು ಓದಿ ಕನ್ನಡಕ ಕೆಳಗಿಟ್ಟರು.

"ಒಳ್ಳೆಯ ಕೆಲಸ. ಆದರೆ ಅವಸರ ಬೇಡ. ಸದ್ಯಕ್ಕೆ ಕಾರಣ ಖಚಿತವಿಲ್ಲ ಅಂತ ಇಟ್ಟುಕೊಳ್ಳೋಣ."

"ಖಚಿತವಿದೆ ಸರ್."

"ಗುಂಡು ಸಿಕ್ಕಿದ್ದು ಖಚಿತ. ಅದು ಎಲ್ಲಿಂದ ಬಂತು ಅಂತ ನಿಮಗೆ ಗೊತ್ತೇ?"

ಗೊತ್ತಿರಲಿಲ್ಲ. ನೀರುಹಕ್ಕಿಗಳ ಬೇಟೆಗೆ ಸೀಸದ ಗುಂಡು ಬಳಸುವುದನ್ನು ಆ ಹೊತ್ತಿಗಾಗಲೇ ದೇಶದಾದ್ಯಂತ ನಿಷೇಧಿಸಿದ್ದರು. ಹಳೆಯ ಗುಂಡುಗಳು ಕೆಸರಿನಲ್ಲಿ ಉಳಿದಿರಬಹುದು. ಕೆರೆಯನ್ನು ನೋಡಿಬರಲು ಅನುಮತಿ ಕೇಳಿದೆ. "ಪೆಥಾಲಜಿಸ್ಟರ ಜಾಗ ಲ್ಯಾಬಿನಲ್ಲಿ" ಎಂದು ಅವರು ನಕ್ಕರು.

ಶನಿವಾರ ನನ್ನದೇ ಕಾರಿನಲ್ಲಿ ಹೊರಟೆ. ವಸುಧಾ ಫ್ಲಾಸ್ಕಿನಲ್ಲಿ ಕಾಫಿ ಹಿಡಿದುಕೊಂಡು ಅಪಾರ್ಟ್‌ಮೆಂಟಿನ ಎದುರು ನಿಂತಿದ್ದಳು. "ನಾನೂ ಬರ್ತೀನಿ. ವೀಕೆಂಡ್ ತಾನೇ, ಯಾರೂ ಕೇಳೋ ಹಾಗಿಲ್ಲ."

ಪೂರ್ವಕ್ಕೆ ಹೋದಂತೆ ನೆಲ ಚಪ್ಪಟೆಯಾಗುತ್ತ, ರಸ್ತೆಯ ಎರಡೂ ಬದಿ ಕಪ್ಪು ನೀರಿನ ಕಾಲುವೆಗಳು ಬಂದವು. ಮೈಲುಗಟ್ಟಲೆ ಹತ್ತಿ ಕಿತ್ತ ಖಾಲಿ ಹೊಲ, ಒಂದು ಚರ್ಚು, ಒಂದು ಪೆಟ್ರೋಲ್ ಬಂಕು, ಮತ್ತೆ ಹೊಲ. ಕೆರೆ ಕಾಣುವ ಮೊದಲು ಅದರ ಸದ್ದು ಕೇಳಿಸಿತು. ಕಾರಿನ ಗಾಜು ಇಳಿಸಿದರೆ, ದೂರದ ಸಂತೆಯೊಂದರ ಗಲಾಟೆಯ ಹಾಗೆ. ಸಾವಿರಾರು ಹಂಸಗಳು ಒಂದೇ ಸಮನೆ ಮಾತಾಡುತ್ತಿದ್ದವು. ಸಮುದ್ರ ಅಲ್ಲಿಗೆ ಹತ್ತಿರ, ಆದರೆ ಕೆರೆ ಸೊಂಟದ ಆಳವೂ ಇಲ್ಲ. ಆಚೆ ದಡ ಮಸುಕಾಗಿ ಕಾಣುವಷ್ಟು ಅಗಲ. ನೀರಿನ ಮೇಲೆ ಬಿಳಿಯ ಹಾಸು. ವಸುಧಾ ಕಾಫಿ ಕುಡಿಯುವುದನ್ನೂ ಮರೆತು ನೋಡುತ್ತ ನಿಂತಳು.

ಫಾರಂನಲ್ಲಿ ಹೆಸರಿದ್ದ ಮಹಿಳೆಯನ್ನು ಹುಡುಕುವುದು ಕಷ್ಟವಾಗಲಿಲ್ಲ. ಊರಿನಲ್ಲಿ ಎಲ್ಲರೂ ಅವರನ್ನು ಮಿಸ್ ಲೊರೇನ್ ಅನ್ನುತ್ತಿದ್ದರು. ಎಪ್ಪತ್ತು ದಾಟಿದ ಕಪ್ಪು ಹೆಂಗಸು, ವಿಧವೆ. ಕೆರೆಗೆ ತಾಗಿದ ನಲವತ್ತು ಎಕರೆ ಅವರ ಗಂಡನ ಮನೆಯವರು ಮೂರು ತಲೆಮಾರಿನಿಂದ ಉತ್ತದ್ದು. ಬೇಸಿಗೆಯಲ್ಲಿ ಮುಸುಕಿನ ಜೋಳ, ಚಳಿಗಾಲದಲ್ಲಿ ಗೋಧಿ. ನಾವು ಹೋದಾಗ ಜಗಲಿಯಲ್ಲಿ ಕುಳಿತು ಏಡಿ ಹಿಡಿಯುವ ತಂತಿಬೋನುಗಳನ್ನು ರಿಪೇರಿ ಮಾಡುತ್ತಿದ್ದರು. ಪ್ರಯೋಗಾಲಯದವರು ಎಂದೊಡನೆ ಕೈಯಲ್ಲಿದ್ದ ಇಕ್ಕಳ ಕೆಳಗಿಟ್ಟರು.

"ಇನ್ನೇನು ತಗೊಂಡು ಹೋಗೋಕೆ ಬಂದಿದ್ದೀರಿ? ಬಿತ್ತನೆ ಬೀಜ ಆಗಲೇ ತಗೊಂಡು ಹೋದ್ರು."

ಏನನ್ನೂ ಒಯ್ಯಲು ಬಂದಿಲ್ಲ, ಹಂಸಗಳನ್ನು ಕೊಯ್ದವಳು ನಾನೇ, ಅವು ವಿಷದ ಕಾಳು ತಿಂದದ್ದಕ್ಕೆ ಗುರುತೇ ಇಲ್ಲ ಎಂದೆ. ಅವರು ಎದ್ದು ಅಡುಗೆಮನೆಗೆ ಕರೆದೊಯ್ದರು.

ಆದದ್ದು ಇಷ್ಟು. ಹಂಸಗಳು ಹಿಂಡುಹಿಂಡಾಗಿ ಇಳಿದು ಗೋಧಿ ಪೈರನ್ನು ಬೇರುಸಹಿತ ಕೀಳುತ್ತವೆ. ನವೆಂಬರ್‌ನ ಕೌಂಟಿ ಸಭೆಯಲ್ಲಿ ಮಿಸ್ ಲೊರೇನ್ ಎದ್ದುನಿಂತು, ನೀವು ಏನಾದರೂ ಮಾಡದಿದ್ದರೆ ನಾನೇ ಮಾಡುತ್ತೇನೆ ಎಂದು ಜಗಳವಾಡಿದ್ದರು. ಆಮೇಲೆ ಅವರು ಮಾಡಿದ್ದೇನೆಂದರೆ ಹೊಲದ ತುಂಬ ಕೋಲು ನೆಟ್ಟು, ದಾರದಲ್ಲಿ ಕೇಕಿನ ತಗಡು ತಟ್ಟೆಗಳನ್ನು ಕಟ್ಟಿ, ನಡುವೆ ತೀರಿಹೋದ ಗಂಡನ ಕೆಂಪು ಅಂಗಿಯನ್ನು ತೂಗುಹಾಕಿದ್ದು. ಹಂಸಗಳು ಸಾಯತೊಡಗಿದಾಗ ಕೌಂಟಿಗೆ ಆ ಸಭೆಯ ಮಾತು ನೆನಪಾಯಿತು. ಕೊಟ್ಟಿಗೆಯಲ್ಲಿದ್ದ ಜೋಳದ ಬಿತ್ತನೆ ಬೀಜವನ್ನು ಸಾಕ್ಷ್ಯ ಎಂದು ಹೊತ್ತುಕೊಂಡು ಹೋದರು. ಬೀಜಕ್ಕೆ ಬೂಷ್ಟು ಹಿಡಿಯದಂತೆ ಕಂಪನಿಯವರು ಲೇಪಿಸುವ ಗುಲಾಬಿ ಬಣ್ಣದ ಔಷಧಿ ಇತ್ತು. ಆ ಕೌಂಟಿಯ ಪ್ರತಿಯೊಬ್ಬ ರೈತನ ಕೊಟ್ಟಿಗೆಯಲ್ಲೂ ಅದೇ ಗುಲಾಬಿ ಬೀಜವಿತ್ತು. ನಾನು ಕೊಯ್ದ ಏಳು ಹಕ್ಕಿಗಳಲ್ಲಿ ಒಂದೇ ಒಂದು ಜೋಳದ ಕಾಳೂ ಇರಲಿಲ್ಲ.

"ನೋಡಮ್ಮಾ, ಅವು ನನ್ನ ಗೋಧಿ ತಿಂತಾವೆ, ನಾನು ಬೈತೀನಿ. ಐವತ್ತು ವರ್ಷದಿಂದ ಬೈತಿದ್ದೀನಿ. ಬೈಯೋದಕ್ಕೂ ವಿಷ ಹಾಕೋದಕ್ಕೂ ವ್ಯತ್ಯಾಸ ಇಲ್ವಾ?" ಎಂದರು ಮಿಸ್ ಲೊರೇನ್. ಆಮೇಲೆ ಕೊಟ್ಟಿಗೆಯ ಬಾಗಿಲು ತೆರೆದು ತೋರಿಸಿದರು. ಒಣಹುಲ್ಲಿನ ಮೇಲೆ ಒಂದು ಹಂಸ ಕುಳಿತಿತ್ತು. ರೆಕ್ಕೆಗಳು ಮನೆಯ ಮಾಡಿನಂತೆ ಇಳಿಬಿದ್ದಿದ್ದವು, ಕತ್ತು ಎತ್ತಲಾಗದೆ ವಾಲಿತ್ತು. ಪಕ್ಕದಲ್ಲಿ ಬೋಗುಣಿಯಲ್ಲಿ ಬೇಯಿಸಿದ ಜೋಳದ ನುಚ್ಚು. ನಾಲ್ಕು ದಿನದಿಂದ ಚಮಚದಲ್ಲಿ ತಿನ್ನಿಸಲು ನೋಡುತ್ತಿದ್ದರಂತೆ. ಇದು ಬದುಕುವುದಿಲ್ಲ ಎಂದು ನಾನು ಹೇಳಬೇಕಾಯಿತು. ಅದು ಎರಡು ದಿನದ ನಂತರ ಸತ್ತಿತು.

ನಾವು ಕೊಟ್ಟಿಗೆಯಲ್ಲಿ ನಿಂತಿರುವಾಗಲೇ ಕೆರೆಯ ಕಡೆಯಿಂದ ಬಂದೂಕಿನ ಸದ್ದು ಶುರುವಾಯಿತು. ಒಂದಲ್ಲ ಎರಡಲ್ಲ, ನಿಮಿಷಕ್ಕೆ ಹತ್ತು ಹನ್ನೆರಡು.

"ಬೇಟೆಯಾ?" ಎಂದು ಕೇಳಿದೆ.

"ಬೇಟೆ ಅಲ್ಲ. ಮಣ್ಣಿನ ತಟ್ಟೆ ಹೊಡೀತಾರೆ. ಕ್ಲಬ್ಬಿನೋರು. ಶನಿವಾರ, ಭಾನುವಾರ ಪೂರ್ತಿ."

ಅವರ ಹೊಲದ ಅಂಚಿಗೆ ನಡೆದು ಹೋದೆವು. ಆಚೆ ಕೊಲ್ಲಿಯಂಥ ಒಂದು ಮೂಲೆಯಲ್ಲಿ ಒಂದು ಶೂಟಿಂಗ್ ಕ್ಲಬ್ಬಿನ ಮರದ ಕಟ್ಟೆಗಳು ನೀರಿನ ಮೇಲಕ್ಕೆ ಚಾಚಿದ್ದವು. ಯಂತ್ರವೊಂದು ಕಿತ್ತಳೆ ಬಣ್ಣದ ಮಣ್ಣಿನ ತಟ್ಟೆಯನ್ನು ಗಾಳಿಗೆ ಎಸೆಯುತ್ತದೆ, ಕಟ್ಟೆಯ ಮೇಲೆ ನಿಂತವನು ಅದನ್ನು ಹೊಡೆಯುತ್ತಾನೆ. ತಾಗಲಿ ಬಿಡಲಿ, ಗುಂಡುಗಳೆಲ್ಲ ಬೀಳುವುದು ನೀರಿಗೆ. ಕಾನೂನು ನಿಷೇಧಿಸಿದ್ದು ನೀರುಹಕ್ಕಿಯ ಬೇಟೆಗೆ ಸೀಸ ಬಳಸುವುದನ್ನು. ಮಣ್ಣಿನ ತಟ್ಟೆ ಹಕ್ಕಿಯಲ್ಲವಲ್ಲ! ಹಂಸದ ಕಡೆಗೆ ಸೀಸ ಹಾರಿಸಿದರೆ ಅಪರಾಧ, ಹಂಸ ಮೇಯುವ ಕೆಸರಿಗೆ ಸುರಿದರೆ ಮನರಂಜನೆ.

ಮಧ್ಯಾಹ್ನ ಕ್ಲಬ್ಬಿನವರು ಊಟಕ್ಕೆ ಎದ್ದು ಬಂದೂಕಿನ ಸದ್ದು ನಿಂತಾಗ, ಮಿಸ್ ಲೊರೇನ್ ತಮ್ಮ ಹಳೆಯ ದೋಣಿಯನ್ನೂ ಹಿಟ್ಟಿನ ಜರಡಿಯನ್ನೂ ಕೊಟ್ಟರು. ಕೆರೆಯ ತಳ ಸಾರ್ವಜನಿಕರದ್ದು, ಅಲ್ಲಿಗೆ ಹೋಗಲು ಯಾರ ಅಪ್ಪಣೆಯೂ ಬೇಡ. ಮೊದಲು ಅವರ ಹೊಲದ ಮುಂದಿನ ಕೆಸರನ್ನು ಎತ್ತಿ ಜಾಲಿಸಿದೆವು. ಮೂರು ಜರಡಿಯಲ್ಲಿ ಒಂದು ಗುಂಡು. ಕಟ್ಟೆಗಳ ಎದುರಿನ ಕೆಸರಿನಲ್ಲಿ ಮೊದಲ ಜರಡಿಗೇ ಎಣಿಸಲು ಸಾಕಾಗಿಹೋಯಿತು. ಕೆಲವು ಮಸಿಹಿಡಿದು ಹಳೆಯವಾಗಿದ್ದವು, ಬಹಳಷ್ಟು ಹೊಸದಾಗಿ ಹೊಳೆಯುತ್ತಿದ್ದವು. ವಸುಧಾ ಚಳಿಗೆ ನೀಲಿಯಾದ ಕೈಯಲ್ಲಿ ಡಬ್ಬಿಗಳ ಮೇಲೆ ಜಾಗ, ದಿನ, ಗಂಟೆ ಬರೆದಳು.

"ಕೆಂಡ್ರಿಕ್‌ಗೆ ಇದು ಗೊತ್ತಿರತ್ತೆ ಅನ್ಸತ್ತೆ" ಎಂದಳು.

"ಹೇಗೆ?"

"ನಮ್ಮ ಲ್ಯಾಬಿನ ಬೋರ್ಡ್ ಮೆಂಬರ್ಸ್ ಇಬ್ಬರು ಈ ಕ್ಲಬ್ಬಿನವರೇ. ಕಟ್ಟೆ ಮೇಲಿನ ಫಲಕದಲ್ಲಿ ಅವರ ಹೆಸರಿತ್ತಲ್ಲ, ಓದಲಿಲ್ವಾ?"

ನಾನು ಓದಿರಲಿಲ್ಲ. ದೋಣಿಯಿಂದ ಇಳಿದಾಗ ಮಿಸ್ ಲೊರೇನ್ ಇನ್ನೊಂದು ಮಾತು ಹೇಳಿದರು. ಅವರ ನಲವತ್ತು ಎಕರೆಯನ್ನು ಕೊಡಿ ಎಂದು ಆ ಕ್ಲಬ್ಬಿನವರು ಎರಡು ವರ್ಷದಿಂದ ಕೇಳುತ್ತಿದ್ದರಂತೆ. ಇವರು ಕೊಟ್ಟಿರಲಿಲ್ಲ.

ಸೋಮವಾರ ಬೆಳಿಗ್ಗೆ ಡಬ್ಬಿಗಳನ್ನು ಡೈರೆಕ್ಟರರ ಮೇಜಿನ ಮೇಲೆ ಇಟ್ಟೆ. ಅವರು ಮುಟ್ಟಲೂ ಇಲ್ಲ. ಬದಲಿಗೆ ಒಂದು ಕಾಗದವನ್ನು ನನ್ನ ಕಡೆ ಸರಿಸಿದರು. ಶುಕ್ರವಾರ ಸಂಜೆ ಕೌಂಟಿಗೆ ಕಳಿಸಿದ ಪ್ರಾಥಮಿಕ ವರದಿಯ ಪ್ರತಿ. "ಸಾವಿನ ಕಾರಣ ಖಚಿತವಾಗಿಲ್ಲ. ಕೀಟನಾಶಕದ ಪಾತ್ರವನ್ನು ತಳ್ಳಿಹಾಕಲಾಗದು." ಕೆಳಗೆ ಪರೀಕ್ಷೆ ಮಾಡಿದವರು ಎಂದು ನನ್ನ ಹೆಸರು, ನನ್ನ ಪರವಾಗಿ ಅವರ ಸಹಿ.

ಸೀಸದ ಮಾತೇ ಇರಲಿಲ್ಲ. ಆರು ಹಕ್ಕಿಗಳಿಂದ ನನ್ನ ಕೈಯಾರೆ ತೆಗೆದ ಗುಂಡುಗಳು ಆ ಕಾಗದದಲ್ಲಿ ಇರಲೇ ಇಲ್ಲ.

"ಇದು ಸುಳ್ಳು" ಎಂದೆ.

"ಇದರಲ್ಲಿ ಒಂದಾದರೂ ಸುಳ್ಳು ವಾಕ್ಯ ತೋರಿಸಿ" ಎಂದರು ಅವರು ಶಾಂತವಾಗಿ. "ಎಲ್ಲ ಕೀಟನಾಶಕಗಳಿಗೂ ಪರೀಕ್ಷೆ ಮಾಡಿದ್ದೀರಾ? ಇಲ್ಲ. ಅಂದ ಮೇಲೆ ತಳ್ಳಿಹಾಕಲಾಗದು ಅನ್ನೋದು ನಿಜವೇ."

"ಆ ಮುದುಕಿಯ ಮೇಲೆ ಕೇಸು ಹಾಕಲು ಅವರಿಗೆ ಇಷ್ಟು ಸಾಕು."

"ಅದು ಕೋರ್ಟಿನ ಕೆಲಸ, ನಮ್ಮದಲ್ಲ. ಡಾಕ್ಟರ್, ನಿಮ್ಮ ಇಮಿಗ್ರೇಷನ್ ಕಾಗದ ಈ ವಾರ ನೋಡಬೇಕು ಅಂತಿದ್ದೆ. ನಿಮ್ಮ ಮನೆಯವರಿಗೂ ತುಂಬ ದಿನದಿಂದ ಕಾಯೋದಾಗಿದೆ, ಅಲ್ವೇ?"

ಅವರು ಬೆದರಿಸಲಿಲ್ಲ. ಗದರಲಿಲ್ಲ. ಕ್ರಿಸ್ಮಸ್ ಪಾರ್ಟಿಯಲ್ಲಿ ನನ್ನ ಮಗಳಿಗೆ ಗೊಂಬೆ ಕೊಟ್ಟ ಅದೇ ನಗುಮುಖದಲ್ಲಿ ಹೇಳಿದರು. ಅದಕ್ಕೇ ನನಗೆ ಇಂದಿಗೂ ಆ ಮುಖ ನೆನೆದರೆ ಮೈ ಉರಿಯುತ್ತದೆ. ಒಂದೇ ಉಸಿರಿನಲ್ಲಿ ಎರಡು ಮನೆಗಳನ್ನು ಎದುರುಬದುರು ನಿಲ್ಲಿಸಿದ್ದರು, ಒಂದು ಮಿಸ್ ಲೊರೇನ್‌ರದು, ಇನ್ನೊಂದು ನನ್ನದು. ಆಯ್ದುಕೋ ಎಂದಿದ್ದರು.

ಆ ಸಂಜೆ ಊಟದ ಮೇಜಿನಲ್ಲಿ ಇಮ್ತಿಯಾಜ್‌ಗೆ ಎಲ್ಲವನ್ನೂ ಹೇಳಿದೆ. ನಮ್ಮ ಮನೆಮಾತು ಉರ್ದು. ಜೋಯಾಳಿಗೆ ಅರ್ಥವಾಗಬಾರದ ವಿಷಯವಿದ್ದಾಗ ಇಬ್ಬರೂ ಕನ್ನಡಕ್ಕೆ ಬರುತ್ತಿದ್ದೆವು. ಅಂದು ಕನ್ನಡದಲ್ಲೇ ಮಾತು.

"ಅವನು ಸೈನ್ ಮಾಡದಿದ್ರೆ ಮತ್ತೆ ಮೊದಲಿಂದ ಶುರು. ಇನ್ನೂ ಎಷ್ಟು ವರ್ಷವೋ. ನೀವು ಹೀಗೇ ಮನೇಲಿ ಕೂತಿರಬೇಕಾಗತ್ತೆ" ಎಂದೆ.

ಅವರು ಚಪಾತಿ ಮುರಿದರು. "ನನಗೆ ಕೋಪ ಬರತ್ತೆ, ಇಲ್ಲ ಅನ್ನಲ್ಲ. ನಾನು ಡ್ರಾಯಿಂಗ್ ಬೋರ್ಡ್ ಮುಟ್ಟಿ ಮೂರು ವರ್ಷ ಆಯ್ತು" ಎಂದರು. ಆಮೇಲೆ ತಟ್ಟೆ ಸರಿಸಿದರು. "ಆದ್ರೆ ಒಂದು ಸೇತುವೆ ಬಿರುಕು ಬಿಟ್ಟಿದೆ ಅಂತ ಗೊತ್ತಿದ್ದೂ ಸರಿ ಇದೆ ಅಂತ ನಾನು ಸೈನ್ ಹಾಕಿದ್ರೆ ನೀನು ನನ್ನ ಜೊತೆ ಇರ್ತಿದ್ಯಾ? ಬರಿ. ಏನು ನೋಡಿದ್ಯೋ ಅದನ್ನ ಬರಿ."

"What are you guys fighting about?" ಎಂದಳು ಜೋಯಾ.

"ಜಗಳ ಅಲ್ಲ ಬೇಟಾ" ಎಂದು ಅವರು ಅವಳ ತಟ್ಟೆಗೆ ಇನ್ನಷ್ಟು ಪಲ್ಯ ಹಾಕಿದರು.

ಪ್ರಯೋಗಾಲಯದ ನಿಯಮಪುಸ್ತಕದಲ್ಲಿ ಒಂದು ಸಾಲಿತ್ತು. ಅಂತಿಮ ವರದಿಗೆ ಪರೀಕ್ಷೆ ಮಾಡಿದ ಪೆಥಾಲಜಿಸ್ಟೇ ಸಹಿ ಹಾಕಬೇಕು, ಮಾದರಿ ತಂದುಕೊಟ್ಟವರಿಗೆ ಅದನ್ನು ತಲುಪಿಸಬೇಕು. ಡೈರೆಕ್ಟರರ ಅನುಮತಿ ಬೇಕೆಂದು ಎಲ್ಲೂ ಬರೆದಿರಲಿಲ್ಲ. ಮರುದಿನ ಮಧ್ಯಾಹ್ನದೊಳಗೆ ನಾಲ್ಕು ಪುಟದ ಅಂತಿಮ ವರದಿ ಬರೆದೆ. ಪ್ರತಿ ಹಕ್ಕಿಯ ತೂಕ, ಗುಂಡಿನ ಎಣಿಕೆ, ವಸುಧಾಳ ಅಂಕಿಗಳು, ಮಿದುಳಿನ ಪರೀಕ್ಷೆ, ಗುಲಾಬಿ ಕಾಳು ಒಂದೂ ಇಲ್ಲವೆಂಬುದು. ಕೆಸರಿನ ಡಬ್ಬಿಗಳ ವಿವರವನ್ನು ಬೇರೆ ಹಾಳೆಯಲ್ಲಿ, ಕೆಲಸದ ಹೊತ್ತಲ್ಲದ ಹೊತ್ತಿನಲ್ಲಿ ಸಂಗ್ರಹಿಸಿದ್ದೆಂದು ಸ್ಪಷ್ಟವಾಗಿ ಬರೆದು ಸೇರಿಸಿದೆ. ಕ್ಲಬ್ಬಿನ ಹೆಸರು ಬರೆಯಲಿಲ್ಲ. "ಸಾವಿನ ಕಾರಣ: ನುಂಗಿದ ಸೀಸದ ಗುಂಡುಗಳ ವಿಷ." ರಸಾಯನ ವಿಭಾಗದ ಜಾಗದಲ್ಲಿ ವಸುಧಾ ಸಹಿ ಹಾಕಿದಳು. ಬೇಡ ಎಂದೆ, ಅವಳೂ ವೀಸಾದ ಮೇಲಿದ್ದವಳೇ.

"ಲೆಡ್ಡು ಅಳೆದವಳು ನಾನು. ನಿನ್ನೊಬ್ಬಳ ಹೆಸರು ಯಾಕೆ ಇರಬೇಕು?" ಎಂದಳು.

ಫ್ಯಾಕ್ಸ್ ಯಂತ್ರ ಒಂದೊಂದೇ ಹಾಳೆಯನ್ನು ಎಳೆದುಕೊಳ್ಳುವವರೆಗೂ ಇಬ್ಬರೂ ಅದರ ಮುಂದೆಯೇ ನಿಂತಿದ್ದೆವು. ಹತ್ತು ನಿಮಿಷಕ್ಕೆ ಕ್ಯಾಲ್ವಿನ್ ಫೋನ್ ಮಾಡಿದರು. "ಬಂತು. ಕೌಂಟಿ ಆಗಲೇ ಕೇಸು ಹಾಕಿದೆ, ಇದನ್ನು ಆ ಹೆಂಗಸಿನ ವಕೀಲರಿಗೂ ಕೊಡುತ್ತೇನೆ. ಕೊಡಬೇಕಾದ್ದು ನನ್ನ ಕರ್ತವ್ಯ" ಎಂದರು.

ವಿಚಾರಣೆ ನಡೆದದ್ದು ಫೆಬ್ರವರಿ ಕೊನೆಯಲ್ಲಿ, ಕೌಂಟಿಯ ಚಿಕ್ಕ ಕೋರ್ಟಿನಲ್ಲಿ. ಮಿಸ್ ಲೊರೇನ್‌ರ ವಕೀಲರ ಕಡೆಯಿಂದ ನನಗೆ ಸಮನ್ಸ್ ಬಂದಿತ್ತು. ರಜೆ ಹಾಕಿ ಹೋದೆ. ಮಿಸ್ ಲೊರೇನ್ ಚರ್ಚಿಗೆ ಹೋಗುವ ಟೋಪಿ ಹಾಕಿಕೊಂಡು ಮುಂದಿನ ಸಾಲಿನಲ್ಲಿ ನೆಟ್ಟಗೆ ಕುಳಿತಿದ್ದರು. ಸರ್ಕಾರಿ ವಕೀಲ ಪ್ರಾಥಮಿಕ ವರದಿಯನ್ನು ಎತ್ತಿ ಹಿಡಿದು, ಇದರಲ್ಲಿರುವುದು ನಿಮ್ಮ ಹೆಸರೇ ಎಂದು ಕೇಳಿದ.

"ಹೆಸರು ನನ್ನದು. ಮಾತು ನನ್ನದಲ್ಲ, ಸಹಿಯೂ ನನ್ನದಲ್ಲ" ಎಂದೆ.

ನ್ಯಾಯಾಧೀಶರು ಮುಂದಕ್ಕೆ ಬಾಗಿ, "ಹಾಗಾದರೆ ಈ ಹಕ್ಕಿಗಳು ಯಾವುದರಿಂದ ಸತ್ತವು?" ಎಂದು ತಾವೇ ಕೇಳಿದರು. ನಾನು ಎಕ್ಸ್‌ರೇ ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದು ತೋರಿಸಿದೆ. ಬೇರೆ ವಿವರಣೆ ಹೆಚ್ಚು ಬೇಕಾಗಲಿಲ್ಲ. ಅಂದೇ ಮಧ್ಯಾಹ್ನ ಕೇಸನ್ನು ವಜಾ ಮಾಡಿದರು.

ಇಲ್ಲಿಗೆ ಮುಗಿದಿದ್ದರೆ ಇದು ಸಂತೋಷದ ಕಥೆಯಾಗುತ್ತಿತ್ತು. ಮಿಸ್ ಲೊರೇನ್‌ರ ಬಳಿ ಯಾರೂ ಕ್ಷಮೆ ಕೇಳಲಿಲ್ಲ. ವಶಪಡಿಸಿಕೊಂಡ ಬಿತ್ತನೆ ಬೀಜವನ್ನು ಏಪ್ರಿಲ್‌ನಲ್ಲಿ ಮರಳಿಸಿದರು. ತೇವದ ಗೋದಾಮಿನಲ್ಲಿ ಬಿದ್ದು ಮೊಳಕೆ ಬಂದು ಕೊಳೆತಿತ್ತು. ಅವರನ್ನು ವಿಷ ಹಾಕಿದವಳೆಂದು ಮೊದಲ ಪುಟದಲ್ಲಿ ಬರೆದಿದ್ದ ಸ್ಥಳೀಯ ಪತ್ರಿಕೆ, ಬಿಡುಗಡೆಯ ಸುದ್ದಿಯನ್ನು ಒಳಪುಟದಲ್ಲಿ ಟ್ರ್ಯಾಕ್ಟರ್ ಜಾಹೀರಾತಿನ ಕೆಳಗೆ ನಾಲ್ಕು ಸಾಲಿನಲ್ಲಿ ಹಾಕಿತು. ಕೆರೆಗೆ ಸೀಸ ಬೀಳುವುದನ್ನು ನಿಲ್ಲಿಸಿ ಎಂದು ನಾನು ನನ್ನ ಅಂತಿಮ ವರದಿಯನ್ನು ಕಳಿಸದ ಕಚೇರಿಯಿಲ್ಲ. ತಟ್ಟೆ ಹೊಡೆಯುವುದು ಬೇಟೆಯ ಕಾನೂನಿನ ಅಡಿ ಬರುವುದಿಲ್ಲ ಎಂಬ ಒಂದೇ ಉತ್ತರವನ್ನು ಎಲ್ಲರೂ ಬೇರೆ ಬೇರೆ ಲೆಟರ್‌ಹೆಡ್‌ಗಳಲ್ಲಿ ಕಳಿಸಿದರು. ಎರಡು ಚಳಿಗಾಲದ ನಂತರ ಕ್ಲಬ್ಬಿನವರು ಕಟ್ಟೆಗಳನ್ನು ದಡದ ಮೇಲಕ್ಕೆ, ತಮ್ಮದೇ ಹೊಲದ ಕಡೆ ತಿರುಗಿಸಿ ಕಟ್ಟಿಕೊಂಡರು. ಸ್ವಂತ ಇಚ್ಛೆಯಿಂದ ಹಾಗೆ ಮಾಡಿದ್ದಕ್ಕೆ ಅವರಿಗೆ ಪರಿಸರ ಕಾಳಜಿಯ ಫಲಕವೊಂದನ್ನು ಕೊಟ್ಟು ಸನ್ಮಾನಿಸಿದರೆಂದು ಕ್ಯಾಲ್ವಿನ್ ಫೋನಿನಲ್ಲಿ ಹೇಳಿದಾಗ ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಕೆಸರಿನಲ್ಲಿದ್ದ ಗುಂಡುಗಳನ್ನು ಯಾರೂ ತೆಗೆಯಲಿಲ್ಲ. ಆ ಚಳಿಗಾಲಗಳಲ್ಲೂ ಹಂಸಗಳು ಸತ್ತವು.

ನನ್ನ ಗ್ರೀನ್ ಕಾರ್ಡ್ ಕಾಗದಕ್ಕೆ ಡಾ. ಕೆಂಡ್ರಿಕ್ ಸಹಿ ಹಾಕಲಿಲ್ಲ. ಇಲ್ಲ ಎಂದೂ ಹೇಳಲಿಲ್ಲ. ಪರಿಶೀಲನೆಯಲ್ಲಿದೆ ಎನ್ನುತ್ತಲೇ ಇದ್ದರು. ಮರುವರ್ಷ ನಾನು ಮೇರಿಲ್ಯಾಂಡಿನಲ್ಲಿ ಬೇರೆ ಕೆಲಸ ಹುಡುಕಿಕೊಂಡೆ. ಎಲಿಕಾಟ್ ಸಿಟಿಯಲ್ಲಿ ಮನೆ ಮಾಡಿ, ಅರ್ಜಿಯನ್ನು ಮೊದಲ ಪುಟದಿಂದ ಮತ್ತೆ ಬರೆದೆವು. ಇಮ್ತಿಯಾಜ್ ಮತ್ತೆ ಎಂಜಿನಿಯರ್ ಆದಾಗ ಅವರಿಗೆ ನಲವತ್ತೊಂದು. ಆ ವರ್ಷಗಳನ್ನು ಅವರಿಗೆ ಯಾರೂ ಹಿಂತಿರುಗಿಸುವುದಿಲ್ಲ, ನಾನೂ ಸೇರಿದಂತೆ. ಅವರು ಒಮ್ಮೆಯೂ ಅದನ್ನು ಎತ್ತಿ ಆಡಿಲ್ಲ. ವಸುಧಾಳಿಗೆ ಏನೂ ಆಗಲಿಲ್ಲ, ಬಡ್ತಿಯೊಂದು ತಪ್ಪಿದ್ದನ್ನು ಬಿಟ್ಟರೆ. ಅದು ಅವಳ ಕೈಕೆಳಗಿನವನಿಗೆ ಹೋಯಿತು. ಡಾ. ಕೆಂಡ್ರಿಕ್ ಕಾಲ ಬಂದಾಗ ಗೌರವದಿಂದ ನಿವೃತ್ತರಾದರು. ಬೀಳ್ಕೊಡುಗೆಯ ಆಹ್ವಾನ ನನಗೂ ಬಂದಿತ್ತು. ಹರಿದುಹಾಕಿದೆ.

ಈ ಕೇಸು ನನಗೆ ಕಲಿಸಿದ್ದೇನು ಎಂದು ಕೇಳಿದರೆ, ವರದಿಯಲ್ಲಿ ಸುಳ್ಳು ಬರೆಯುವವರಿಗಿಂತ ಅರ್ಧ ನಿಜ ಬರೆಯುವವರಿಗೆ ಹೆದರಬೇಕು ಎಂಬುದು. ಸುಳ್ಳನ್ನು ಹಿಡಿಯಬಹುದು. ಅರ್ಧ ನಿಜ ಬಲವಿದ್ದವರ ಕಡೆಗೆ ತಾನಾಗಿಯೇ ವಾಲುತ್ತದೆ, ಅದರ ಭಾರ ಬೀಳುವುದು ಮಿಸ್ ಲೊರೇನ್‌ರಂಥವರ ಮೇಲೆ. ಬರೆದವನ ಕೈಗೆ ಮಸಿ ಕೂಡ ಅಂಟುವುದಿಲ್ಲ.

ಮೇರಿಲ್ಯಾಂಡಿನಲ್ಲಿ ನಾನು ವಿಭಾಗದ ಮುಖ್ಯಸ್ಥೆಯಾದ ಮೇಲೆ, ಅನುಭವಿಯೇ ಆಗಿದ್ದ ಸಹೋದ್ಯೋಗಿಯೊಬ್ಬರು ಒಂದು ಡೈರಿಯ ಹಸುಗಳು ಸತ್ತ ಕೇಸಿನಲ್ಲಿ ಕಾರಣ ಸ್ಪಷ್ಟವಾಗಿ ಸಿಕ್ಕಿದ್ದರೂ, "ಸಾಕಿದವರ ನಿರ್ಲಕ್ಷ್ಯವನ್ನು ತಳ್ಳಿಹಾಕಲಾಗದು" ಎಂದು ಕೊನೆಯ ಸಾಲು ಬರೆದು ತಂದರು. ಇದು ಏಕೆ ಎಂದು ಕೇಳಿದೆ.

"ಸೇಫ್ ಸೈಡ್‌ಗೆ ಇರಲಿ ಅಂತ" ಎಂದರು.

"ಯಾರ ಸೇಫ್ ಸೈಡ್?" ಎಂದೆ.

ಅವರು ಕಾಗದವನ್ನು ಹಿಂದಕ್ಕೆ ತೆಗೆದುಕೊಂಡು, ಅಲ್ಲೇ ನನ್ನ ಮೇಜಿನ ಅಂಚಿನಲ್ಲಿಟ್ಟು, ಆ ಸಾಲನ್ನು ಹೊಡೆದುಹಾಕಿ ಸಹಿ ಮಾಡಿದರು.